ಬ್ಯಾಟರಿಗೆ ಸಿಹಿನೀರು

ಹೊನವಾಡದ ಮಾಲಾ ಏನು ಕೆಲಸ ಮಾಡುತ್ತಾಳೆ ಎಂದು ಊರ ಬಸ್‌ಸ್ಟ್ಯಾಂಡಿನಲ್ಲಿ ಕೇಳಿ ನೋಡಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಂಪ್ಯೂಟರ್ ಮುಂದೆ ಕೂತು ದಿನವಿಡೀ ಹರಟೆ ಹೊಡೆಯುತ್ತಾಳೆ ಎನ್ನುವವರಿದ್ದಾರೆ. ಡಾಕ್ಟರಿಕೆ ಓದಿದ ಸೊಸೆ ಎಂದು ನಂಬಿಕೊಂಡು ಮೊಣಕಾಲು ತೋರಿಸಲು ಬರುವ ಮುದುಕಿಯರೂ ಇದ್ದಾರೆ. ನಿಜ ಇಷ್ಟೇ. ವಿಜಯಪುರ, ತಿಕೋಟಾ, ಬಬಲೇಶ್ವರದ ಕಡೆಯ ಜನ ಕಾಯಿಲೆ ಬಲಿತರೆ ಗಡಿ ದಾಟಿ ಮಹಾರಾಷ್ಟ್ರದ ಆಸ್ಪತ್ರೆಗಳಿಗೆ ಹೋಗುತ್ತಾರೆ. ಅಲ್ಲಿನ ಡಾಕ್ಟರದು ಮರಾಠಿ, ಇವರದು ಕನ್ನಡ. ಅಂಥ ಒಂದು ಆಸ್ಪತ್ರೆಗಾಗಿ ಮಾಲಾ ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಕೂತು, ವಿಡಿಯೋದಲ್ಲಿ ಅತ್ತಲಿನ ಮಾತನ್ನು ಇತ್ತ, ಇತ್ತಲಿನದನ್ನು ಅತ್ತ ದಾಟಿಸುತ್ತಾಳೆ.

ಅವಳ ತವರು ಸೋಲಾಪುರದ ಕಡೆ, ಹೀಗಾಗಿ ಎರಡೂ ಭಾಷೆ ನಾಲಿಗೆ ತುದಿಯಲ್ಲಿ. ಗಂಡ ಗೌತಮ ಬಬಲೇಶ್ವರದಲ್ಲಿ ಶಾಲಾ ಮಾಸ್ತರ. ಮದುವೆಯಾಗಿ ಬಂದ ಹೊಸದರಲ್ಲಿ ಬಿ.ಎ. ಓದಿದ ಈ ಹುಡುಗಿ ಮೌಲಾಸಾಬನ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುತ್ತ ಕೂಡುತ್ತಿದ್ದಳು. ಮಾವ ಕರೆಪ್ಪ ಒಮ್ಮೆ ಕಾಯಿಲೆ ಬಿದ್ದು ಆ ಆಸ್ಪತ್ರೆ ಸೇರಿದಾಗ ಜೊತೆಗಿದ್ದವಳು ಇವಳೇ. ಮೊದಲು ಮಾವನ ಮಾತು ಡಾಕ್ಟರಿಗೆ ತಿಳಿಸಿದಳು, ಆಮೇಲೆ ಪಕ್ಕದ ಹಾಸಿಗೆಯವರದು, ಕೊನೆಗೆ ಇಡೀ ವಾರ್ಡಿನದು. ಕರೆಪ್ಪ ಎದ್ದು ಮನೆಗೆ ಹೊರಟ ದಿನ ವಾರ್ಡಿನ ಹಿರಿಯ ನರ್ಸ್ ಮಾವನನ್ನು ಬಿಟ್ಟು ಸೊಸೆಯ ಕೈ ಹಿಡಿದುಕೊಂಡು ನಿಂತಿದ್ದಳಂತೆ. ಕೆಲಸ ಸಿಕ್ಕಿದ್ದು ಹಾಗೆ.

ಆ ಕೆಲಸಕ್ಕೆ ಒಂದು ಕಟ್ಟುನಿಟ್ಟು ಉಂಟು. ದಾಟಿಸುವವರಿಗೆ ತಮ್ಮದೆಂಬ ಮಾತಿಲ್ಲ. ರೋಗಿ 'ನನಗೆ ನೋವು' ಎಂದರೆ ಮಾಲಾ ಕೂಡ 'ನನಗೆ ನೋವು' ಎನ್ನಬೇಕು, 'ಅವರಿಗೆ ನೋವಂತೆ' ಎನ್ನುವಂತಿಲ್ಲ. ಕೇಳಿದ್ದನ್ನು ಬಿಡುವಂತಿಲ್ಲ, ಕೇಳದ್ದನ್ನು ಸೇರಿಸುವಂತಿಲ್ಲ. ರೋಗಿ ಬೈದರೆ ಬೈಗುಳವನ್ನೂ ಮರಾಠಿ ಮಾಡಬೇಕು. ಹೀಗೆ ಮಾಲಾ ಕೂತಲ್ಲಿಯೇ ಎಷ್ಟೋ ಹೆರಿಗೆ ಹೆತ್ತಿದ್ದಾಳೆ, ಎಷ್ಟೋ ಹಲ್ಲು ಕೀಳಿಸಿಕೊಂಡಿದ್ದಾಳೆ, ಒಮ್ಮೆ ನಿಂಬಾಳದ ಒಬ್ಬ ಪೈಲ್ವಾನನ ಮೂಲವ್ಯಾಧಿಯನ್ನೂ ನಾಚಿಕೆ ಬಿಟ್ಟು 'ನನ್ನದು' ಎಂದಿದ್ದಾಳೆ.

ಇದಕ್ಕೆಲ್ಲ ಬೇಕಾದದ್ದು ಕರೆಂಟು. ಹೊನವಾಡದ ಕರೆಂಟಿನ ಸೊಗಸು ಗೊತ್ತಲ್ಲ, ಗಾಳಿ ಬಂದರೆ ಹೋಯಿತು, ಮಳೆ ಬಂದರೆ ಹೋಯಿತು, ಎರಡೂ ಬಾರದಿದ್ದರೆ ದುರಸ್ತಿಗೆಂದು ಹೋಯಿತು. ಅದು ಹೋದದ್ದೇ ಊರ ಮೊಬೈಲ್ ಟವರೂ ಕಣ್ಣು ಮುಚ್ಚುತ್ತದೆ. ಅದಕ್ಕೇ ಕರೆಪ್ಪ ಕೊನೆಯ ದಿನಗಳಲ್ಲಿ ತಿಕೋಟಾದಿಂದ ಒಂದು ಇನ್ವರ್ಟರ್, ಒಂದು ದೊಡ್ಡ ಬ್ಯಾಟರಿ ತರಿಸಿ ಪಡಸಾಲೆಯ ಮೂಲೆಯಲ್ಲಿ ಕೂರಿಸಿದ. ಅದರ ಮೇಲೆ ಸೊಸೆಯ ಕೋಣೆಯ ಒಂದು ಬಲ್ಬು, ತಂತಿಯಲ್ಲಿ ಬರುವ ಇಂಟರ್‌ನೆಟ್ಟಿನ ರೌಟರ್, ಇವೆರಡೇ. ಟಿವಿ ಹಚ್ಚುವಂತಿಲ್ಲ, ಫ್ಯಾನು ಕೇಳುವಂತಿಲ್ಲ. ಹೋದ ವರ್ಷ ಕರೆಪ್ಪ ತೀರಿಕೊಂಡ ಮೇಲೆ ಬ್ಯಾಟರಿಯ ಯೋಗಕ್ಷೇಮ ಅವನ ಹೆಂಡತಿ ಸಾವಂತ್ರವ್ವನ ಪಾಲಿಗೆ ಬಂತು. ದಿನಾ ಬೆಳಿಗ್ಗೆ ಒರೆಸುವುದು, ಅದರ ಮೇಲೆ ಯಾರೂ ಏನೂ ಇಡದಂತೆ ನೋಡಿಕೊಳ್ಳುವುದು, ನೀರು ಕಡಿಮೆಯಾದಾಗ ಮುಚ್ಚಳ ತೆಗೆದು ನೀರು ಹಾಕುವುದು. ಅತ್ತೆ ಇಷ್ಟು ಮಾಡುವಾಗ ಸೊಸೆ ಅದರ ಕಡೆ ತಿರುಗಿ ನೋಡಲಿಲ್ಲ. ನೋಡಬೇಕಿತ್ತು. ಈಚೆಗೆ ಇನ್ವರ್ಟರ್ ಮೊದಲಿನಷ್ಟು ಹೊತ್ತು ತಾಳುತ್ತಿರಲಿಲ್ಲ. ಗೌತಮನಿಗೆ ಹೇಳಿದರೆ ರವಿವಾರ ನೋಡುತ್ತೇನೆ ಎನ್ನುತ್ತಿದ್ದ, ರವಿವಾರ ಬಂದರೆ ಇಬ್ಬರಿಗೂ ಮರೆತುಹೋಗುತ್ತಿತ್ತು.

ಏಪ್ರಿಲ್ ಮುಗಿಯುತ್ತ ಬಂದಿತ್ತು. ಮಧ್ಯಾಹ್ನದ ಬಿಸಿಲಿಗೆ ಊರು ಬಾಯಿ ಮುಚ್ಚಿಕೊಂಡು ಬಿದ್ದಿದ್ದಾಗ ಮಾಲಾಳ ಲ್ಯಾಪ್‌ಟಾಪಿನಲ್ಲಿ ಕರೆ ಬಂತು. ಅತ್ತ ಕಡೆ ಒಬ್ಬ ನರ್ಸ್ ಹಿಡಿದ ಪರದೆ, ಅದರ ಮುಂದೆ ಮಂಚದ ಮೇಲೆ ಹಸಿರು ಅಂಗಿ ತೊಡಿಸಿದ ಹೆಂಗಸು. ನಿಡೋಣಿಯ ರುದ್ರವ್ವ, ಪಿತ್ತಕೋಶದ ಆಪರೇಷನ್ನಿಗೆ ಬಂದವಳು. ಕರೆತಂದ ಅಳಿಯ ಪ್ರತಾಪ ಔಷಧದಂಗಡಿಗೆ ಹೋಗಿದ್ದ. ಡಾಕ್ಟರು ನಡುವಯಸ್ಸಿನ ಹೆಣ್ಣುಮಗಳು, ಒಳ್ಳೆಯವರು, ಆದರೆ ಕಾಲ ಕೆಳಗೆ ಕೆಂಡ ಇಟ್ಟವರಂತೆ ಅವಸರದವರು. ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದರು, ಇಲ್ಲ ಎಂದಳು ರುದ್ರವ್ವ. ದಿನಾ ಯಾವುದಾದರೂ ಗುಳಿಗೆ ನುಂಗುತ್ತೀರಾ ಎಂದರು, ಅದೂ ಇಲ್ಲ ಎಂದಳು. ಅದೇ ಉತ್ತರ ಮೊದಲೇ ಬರೆಸಿಯೂ ಆಗಿತ್ತು. ಹೆದರಬೇಡಿ, ಇನ್ನೊಂದು ತಾಸಿನೊಳಗೆ ಒಳಗೆ ಕರೆದುಕೊಳ್ಳುತ್ತೇವೆ ಎಂದು ಹೆಗಲು ತಟ್ಟಿ ಡಾಕ್ಟರು ಹೋದರು.

ಅಷ್ಟು ಹೊತ್ತಿಗೆ ಇತ್ತ ಹೊನವಾಡದಲ್ಲಿ ಗಾಳಿ ಎದ್ದಿತ್ತು. ಕಿಟಕಿ ಬಡಿದುಕೊಂಡವು, ಕೋಣೆ ಕಪ್ಪಿಟ್ಟಿತು. ಮಾಲಾ ಕೈ ಚಾಚಿ ಕಿಟಕಿ ಮುಚ್ಚಿದಳು. ಪರದೆ ಹಿಡಿದಿದ್ದ ನರ್ಸ್ ಯಾರೋ ಕರೆದರೆಂದು ಅತ್ತ ತಿರುಗಿ, ಪರದೆಯನ್ನು ಮಂಚದ ಮೇಲೇ ಇಟ್ಟಳು. ರುದ್ರವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದುಕೊಂಡಳು. ಮುಂಜಾನೆಯಿಂದ ಅರ್ಥವಾಗದ ಮಾತು ಕೇಳಿ ಕೇಳಿ ಸಾಕಾಗಿದ್ದವಳಿಗೆ ತನ್ನ ಸೀಮೆಯ ಕನ್ನಡ ಆಡುವ ಹುಡುಗಿ ತಂಗಿಯೇ ಆಗಿಬಿಟ್ಟಿದ್ದಳು. ನಮ್ಮ ಕಡೆಯವರೇ ಹೀಗೆ, ಭಾಷೆ ಒಂದಾದರೆ ಸಾಕು, ಹೊಟ್ಟೆಯಲ್ಲಿದ್ದುದನ್ನೆಲ್ಲ ಬಿಚ್ಚಿ ಮುಂದಿಟ್ಟುಬಿಡುತ್ತೇವೆ.

"ನಿನಗಷ್ಟ ಹೇಳ್ತೇನಿ ತಂಗಿ, ಡಾಕ್ಟರಗ ಹೇಳಬ್ಯಾಡ," ಎಂದಳು ಪಿಸುದನಿಯಲ್ಲಿ. "ಎದೀಗೆ ಸ್ಟೆಂಟ್ ಹಾಕ್ಯಾರ ನನಗ. ರಕ್ತ ತೆಳ್ಳಗ ಮಾಡೂ ಗುಳಗಿ ದಿನಾ ತಗೋತೇನಿ, ಇವತ್ತ ಮುಂಜಾನೆನೂ ತಗೊಂಡೇನಿ. ಹೇಳಿದ್ರ ಆಪರೇಷನ್ ಮುಂದ ಹಾಕ್ತಾರ ಅಂತ ಹೇಳಿಲ್ಲ. ಅಳಿಯಾಗೂ ರಜಾ ಸಿಗೂದಿಲ್ಲ. ಏನೂ ಆಗೂದಿಲ್ಲ ಹೌದಿಲ್ಲೋ?"

ರಕ್ತ ತೆಳುವಾಗುವ ಗುಳಿಗೆ ನುಂಗಿದವರ ಹೊಟ್ಟೆ ಕೊಯ್ದರೆ ರಕ್ತ ನಿಲ್ಲುವುದಿಲ್ಲ ಎಂಬುದನ್ನು ಮಾಲಾ ಡಾಕ್ಟರರ ಬಾಯಿಂದ ಎಷ್ಟೋ ಸಲ ಕೇಳಿ, ಎಷ್ಟೋ ಸಲ ಕನ್ನಡದಲ್ಲಿ ಹೇಳಿದವಳು. ನರ್ಸನ್ನು ಕರೆಯಲು ಬಾಯಿ ತೆರೆದಳು. ಆ ಗಳಿಗೆಗೇ ಕರೆಂಟು ಹೋಯಿತು. ಇನ್ವರ್ಟರ್ ಹಿಡಿಯಿತು, ಬಲ್ಬು ಒಮ್ಮೆ ಮಿಣುಕಿ ಹತ್ತಿತು, ಪಡಸಾಲೆಯಿಂದ ಕೀಂ ಎಂದು ಕೂಗು ಬಂತು, ಬಲ್ಬೂ ಆರಿತು, ರೌಟರಿನ ಹಸಿರು ದೀಪಗಳೂ ಆರಿದವು. ರುದ್ರವ್ವನ ಮುಖ ಪರದೆಯ ಮೇಲೆ ಬಾಯಿ ಅರೆ ತೆರೆದಂತೆಯೇ ನಿಂತುಬಿಟ್ಟಿತು.

ಮಾಲಾ ಮೊದಲು ಮೊಬೈಲ್ ಹಿಡಿದಳು. ಸಿಗ್ನಲ್ ಇಲ್ಲ. ಮೆಟ್ಟಿಲು ಹತ್ತಿ ಮಾಳಿಗೆಗೆ ಓಡಿದಳು, ಅಲ್ಲಿ ಧೂಳು ಕಣ್ಣು ತುಂಬಿತೇ ಹೊರತು ಸಿಗ್ನಲ್ ಬರಲಿಲ್ಲ. ತಿಕೋಟಾ ರಸ್ತೆ ಹಿಡಿದು ಹೋದರೆ ಎಲ್ಲಾದರೂ ಸಿಕ್ಕೀತು, ಆದರೆ ಗಾಡಿ ಗೌತಮ ಒಯ್ದಿದ್ದ, ಈ ಗಾಳಿಯಲ್ಲಿ ನಡೆದು ಹೋಗುವಷ್ಟರಲ್ಲಿ ರುದ್ರವ್ವನನ್ನು ಒಳಗೆ ಒಯ್ದಿರುತ್ತಾರೆ. ಅತ್ತ ನರ್ಸ್ ಏನೆಂದುಕೊಂಡಾಳು? ಮಾತು ಮುಗಿದಿತ್ತು, ಲೈನ್ ತಾನಾಗಿ ಮುಗಿಯಿತು ಎಂದುಕೊಂಡು ಪರದೆ ಆರಿಸಿ ಇಟ್ಟಿರುತ್ತಾಳೆ. ಆ ಮಾತು ಈಗ ಈ ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತು. ಒಬ್ಬಳು ಅದನ್ನು ಬಾಯಿ ಬಿಡುವುದಿಲ್ಲ, ಇನ್ನೊಬ್ಬಳಿಗೆ ಬಾಯಿ ಬಿಡುವ ದಾರಿ ಇಲ್ಲ.

ಕೆಳಗಿಳಿದು ಬಂದಾಗ ಸಾವಂತ್ರವ್ವ ಬ್ಯಾಟರಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮುಚ್ಚಳ ತೆಗೆಯುತ್ತಿದ್ದಳು, ಪಕ್ಕದಲ್ಲಿ ತಂಬಿಗೆ. ನೀರು ಕಡಿಮೆಯಾಗಿರಬೇಕು, ಹಾಕಿದರೆ ನಡೆದೀತು ಎಂಬ ಎಣಿಕೆ ಅವಳದು. ಯಾವ ನೀರು ಅದು ಎಂದು ಮಾಲಾ ಕೇಳಿದಳು.

"ಕುಡಿಯೂ ನೀರ ಯವ್ವಾ. ಸವಳ ನೀರ ಹಾಕಬ್ಯಾಡ್ರಿ, ಚಲೋ ನೀರ ಹಾಕ್ರಿ ಅಂತ ಕೂರಿಸಾಕ ಬಂದ ಅಂಗಡಿಯಂವ ಹೇಳಿ ಹೋಗಿದ್ದ. ಅವತ್ತಿಂದ ಸಿಹಿನೀರ ಬಿಟ್ಟು ಬ್ಯಾರೆ ಹಾಕಿಲ್ಲ ನಾ."

ಆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಬೋರಿನ ನೀರು ಬಾಯಿಗಿಟ್ಟರೆ ಉಪ್ಪು, ಬೇಳೆ ಬೇಯದು, ಸಾಬೂನು ನೊರೆ ಬಿಡದು. ಸಿಹಿನೀರನ್ನು ದೂರದಿಂದ ಕೊಡದಲ್ಲಿ ತಂದು, ಬಟ್ಟೆ ಕಟ್ಟಿ ಸೋಸಿ, ಬಂದ ಬೀಗರಿಗೆ ಅಳೆದು ಕೊಡುತ್ತಾರೆ. ಸಾವಂತ್ರವ್ವ ತಾನು ಕುಡಿಯುವುದರಲ್ಲಿ ಹಿಡಿತ ಮಾಡಿ ಗಂಡ ತಂದಿಟ್ಟ ಬ್ಯಾಟರಿಗೆ ಆ ನೀರು ಹಾಕಿದ್ದಳು. ಆದರೆ ಬ್ಯಾಟರಿಗೆ ಬೇಕಾದದ್ದು ಅಂಗಡಿಯಲ್ಲಿ ಡಬ್ಬಿಯಲ್ಲಿ ಮಾರುವ, ಯಾವ ಖನಿಜವೂ ಇಲ್ಲದ ಬ್ಯಾಟರಿ ನೀರು. ಕುಡಿಯುವ ನೀರು ಎಷ್ಟೇ ಸಿಹಿಯಾಗಿರಲಿ, ಅದಕ್ಕೆ ನಿಧಾನವಾದ ವಿಷ. ವರ್ಷವಿಡೀ ಪ್ರೀತಿಯಿಂದ ಉಣಿಸಿ ಉಣಿಸಿ ಮುದುಕಿ ಅದನ್ನು ಮುಗಿಸಿದ್ದಳು.

"ಚಲೋ ನೀರ ಹಾಕಿ ಕೊಂದ್ರಿ ನೋಡ್ರಿ ಅತ್ತಿ," ಎಂದುಬಿಟ್ಟಳು ಮಾಲಾ. "ಬ್ಯಾಟರಿ ಅಷ್ಟ ಅಲ್ಲ, ಈಗ ಒಂದ ಜೀವಾನೂ ಹೋಗತೈತಿ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಸಾವಂತ್ರವ್ವನ ಮುಖ ಚಿಕ್ಕದಾಯಿತು. ಯಾರ ಜೀವ, ಏನು, ಎತ್ತ ಎಂದು ಅವಳು ಕೇಳಲಿಲ್ಲ. ಸೊಸೆಯ ಕೋಣೆಯ ಮಾತು ಕೇಳಬಾರದೆಂಬುದು ಆ ಮನೆಯ ನಡಾವಳಿ. ತಂಬಿಗೆ ಎತ್ತಿ ಪಕ್ಕಕ್ಕಿಟ್ಟು, ಏನು ಬೇಕು ಹೇಳು ಎಂದಳು. ಅಷ್ಟೇ.

ಆ ಪ್ರಶ್ನೆಗೆ ಮಾಲಾಳ ತಲೆ ತಿಳಿಯಾಯಿತು. ಏನು ಬೇಕು? ಲ್ಯಾಪ್‌ಟಾಪಿಗೆ ಅದರದೇ ಬ್ಯಾಟರಿ ಇದೆ. ಬೇಕಾದದ್ದು ರೌಟರಿಗೆ ಜೀವ. ಅದರ ಅಡಾಪ್ಟರ್ ತಿರುವಿ ನೋಡಿದಳು, ಹನ್ನೆರಡು ವೋಲ್ಟ್ ಎಂದು ಸಣ್ಣಗೆ ಬರೆದಿತ್ತು. ದ್ರಾಕ್ಷಿ ಸೀಮೆಯಲ್ಲಿ ಹನ್ನೆರಡು ವೋಲ್ಟಿಗೇನು ಬರ? ತೋಟಕ್ಕೆ ಔಷಧ ಹೊಡೆಯಲು ಬೆನ್ನಿಗೆ ಹಾಕಿಕೊಳ್ಳುವ ಪಂಪಿನ ಹೊಟ್ಟೆಯಲ್ಲಿ ಕೂತಿರುವುದು ಅಂಥದೇ ಪುಟ್ಟ ಬ್ಯಾಟರಿ. ಮೌಲಾಸಾಬನ ಪಂಪು, ಎಂದಳು. ಮಾತು ಮುಗಿಯುವ ಮೊದಲೇ ಸಾವಂತ್ರವ್ವ ಸೆರಗು ಸಿಕ್ಕಿಸಿಕೊಂಡು ಬಾಗಿಲು ದಾಟಿದ್ದಳು.

ಶೆಡ್ಡು ಹೊಲದಂಚಿಗೆ, ಕೂಗಳತೆ ದೂರ. ಮಾಲಾ ಬಾಗಿಲಲ್ಲಿ ನಿಂತು ನೋಡಿದಳು. ಅಲ್ಲಿ ಮೌಲಾಸಾಬನ ಮನೆಮಂದಿಯೆಲ್ಲ ಒಣಹಾಕಿದ ದ್ರಾಕ್ಷಿಗೆ ತಾಡಪತ್ರಿ ಹೊದಿಸಲು ಬಡಿದಾಡುತ್ತಿದ್ದರು. ಒಂದು ಮಳೆ ಬಿದ್ದರೆ ಹಣ್ಣು ಕಪ್ಪಾಗಿ ವರ್ಷದ ದುಡಿಮೆ ಮಣ್ಣು. ಆ ಹೊತ್ತಿನಲ್ಲಿ ಯಾರು ಯಾರ ಮಾತು ಕೇಳುತ್ತಾರೆ? ಗಾಳಿಯಲ್ಲಿ ಸಾವಂತ್ರವ್ವ ಮೌಲಾಸಾಬನ ತೋಳು ಹಿಡಿದು ಜಗ್ಗಿದ್ದು ಕಂಡಿತು, ಅವನು ಕೊಡವಿಕೊಂಡದ್ದೂ ಕಂಡಿತು. ಮತ್ತೆ ಜಗ್ಗಿದಳು. ಅವನು ಒಂದು ಕೈಯಲ್ಲಿ ಹಗ್ಗ ಬಿಡದೆಯೇ ಇನ್ನೊಂದರಲ್ಲಿ ಮೂಲೆ ತೋರಿಸಿದ. ಮುದುಕಿ ಪಂಪನ್ನು ಬೆನ್ನಿಗೇರಿಸಿಕೊಂಡು, ಮೊದಲ ಆಣೆಕಲ್ಲುಗಳು ತಗಡಿನ ಮೇಲೆ ಬೀಳುತ್ತಿದ್ದಂತೆ, ಬಗ್ಗಿಕೊಂಡೇ ಓಡಿ ಬಂದಳು. ಬಂದವಳಿಗೆ ಉಸಿರಾಡಲೂ ಆಗುತ್ತಿರಲಿಲ್ಲ. ಹಣೆಗೆ ಕಲ್ಲು ಬಡಿದು ಕೆಂಪಾಗಿತ್ತು.

ಮಾಲಾ ಪಂಪಿನ ತಳದ ಮುಚ್ಚಳ ಬಿಚ್ಚಿ ಬ್ಯಾಟರಿ ಹೊರಗೆಳೆದಳು. ಕೆಂಪು ಒಂದು ಕಡೆ, ಕಪ್ಪು ಒಂದು ಕಡೆ. ಅಡಾಪ್ಟರಿನ ವಾಯರನ್ನು ಈಳಿಗೆಗೆ ಕೊಟ್ಟು ಕತ್ತರಿಸಿ ಹಲ್ಲಿನಿಂದ ಸುಲಿದಳು. ಒಳಗಿದ್ದವು ಎರಡು ಎಳೆ, ಎರಡೂ ಕಪ್ಪು. ಒಂದರ ಮೈಮೇಲೆ ಮಾತ್ರ ಸಣ್ಣ ಬಿಳಿ ಗೆರೆ. ಯಾವುದು ಕೆಂಪಿಗೆ, ಯಾವುದು ಕಪ್ಪಿಗೆ? ತಪ್ಪಿದರೆ ರೌಟರ್ ಸುಟ್ಟುಹೋಗುತ್ತದೆ, ಅಲ್ಲಿಗೆ ಎಲ್ಲ ಮುಗಿಯಿತು. ಕೇಳೋಣವೆಂದರೆ ನೆಟ್ ಇಲ್ಲ. ಇದೇ ತಿಂಗಳು ಬಾಬಾಸಾಹೇಬರ ಜಯಂತಿಗೆ ಗೌತಮ ಬೈಕಿನ ಬ್ಯಾಟರಿಯಿಂದ ಫೋಟೋದ ಸುತ್ತ ದೀಪದ ಸರ ಹಚ್ಚಿದ್ದ, ಟಾರ್ಚು ಹಿಡಿದವಳು ಇವಳೇ. ಗೆರೆ ಇದ್ದದ್ದನ್ನು ಕೆಂಪಿಗೆ ಹಚ್ಚಿದ್ದ ಎಂದು ನೆನಪು. ಅದು ಎಲ್ಲ ವಾಯರಿಗೂ ಇರುವ ಕಾಯದೆಯೋ ಆ ಒಂದರದೇ ಪಾಡೋ ಅವಳಿಗೆ ಗೊತ್ತಿರಲಿಲ್ಲ. ಸಾವಂತ್ರವ್ವ ಅವಳ ಮುಖವನ್ನೇ ನೋಡುತ್ತಿದ್ದಳು.

ಗೆರೆಯದನ್ನು ಕೆಂಪಿಗೆ ಮುಟ್ಟಿಸಿದಳು. ಒಂದು ಕಿಡಿ ಚಿಟಕ್ಕೆಂದಿತು. ಆಮೇಲೆ ರೌಟರಿನ ಮೂಲೆಯಲ್ಲಿ ಒಂದು ಹಸಿರು ಕಣ್ಣು ತೆರೆಯಿತು, ಅದರ ಪಕ್ಕ ಇನ್ನೊಂದು. ಕಟ್ಟಲು ಟೇಪ್ ಹುಡುಕುವ ಹೊತ್ತಿರಲಿಲ್ಲ. ಸಾವಂತ್ರವ್ವ ತಾನಾಗಿಯೇ ನೆಲದ ಮೇಲೆ ಕೂತು, ಎರಡೂ ತುದಿಗಳನ್ನು ಹೆಬ್ಬೆರಳಿಂದ ಬ್ಯಾಟರಿಗೆ ಒತ್ತಿ ಹಿಡಿದಳು. ಆ ಬೆರಳು ಸರಿದರೆ ಲೈನ್ ಹೋಗುತ್ತದೆ ಎಂದು ಹೇಳಿಕೊಡಬೇಕಾಗಲಿಲ್ಲ.

ಲೈನೇನೋ ಬಂತು, ಆದರೆ ಮಾಲಾ ರೋಗಿಗೆ ಕರೆ ಮಾಡುವಂತಿರಲಿಲ್ಲ. ಆಸ್ಪತ್ರೆಯೇ ಇವಳನ್ನು ಕರೆಯಬೇಕು, ಇವಳು ಕರೆಯಬಹುದಾದದ್ದು ಅಲ್ಲಿ ಕರೆಗಳನ್ನು ಜೋಡಿಸಿಕೊಡುವ ಮೇಜಿನವನನ್ನು ಮಾತ್ರ. ಅವನು ಪರಿಚಯದವನೇ. ಆ ಮಾತುಕತೆ ಮುಗಿದಿದೆ ಎಂದ. ಮುಗಿದಿಲ್ಲ ಎಂದಳು. ರೋಗಿ ಮುಂದೆ ಇಲ್ಲದೆ ನೀವಾಗಿ ಡಾಕ್ಟರಿಗೆ ಏನೂ ಹೇಳುವಂತಿಲ್ಲ, ನಿಯಮ ನಿಮಗೇ ಗೊತ್ತಲ್ಲ ಎಂದ. ಅವನ ತಪ್ಪೇನೂ ಇರಲಿಲ್ಲ, ಆ ನಿಯಮವನ್ನು ಇವಳೇ ಹೊಸಬರಿಗೆ ಕಲಿಸುತ್ತಿದ್ದಳು. ನಾನು ನನ್ನ ಮಾತು ಆಡುತ್ತಿಲ್ಲ, ಆಕೆ ಆಡಿದ ಮಾತಿನಲ್ಲಿ ಅರ್ಧ ನನ್ನ ಬಾಯಲ್ಲೇ ಉಳಿದಿದೆ, ಅದನ್ನು ಮುಗಿಸಲು ಬಿಡು ಎಂದು ಮಾಲಾ ಜೀವಮಾನದಲ್ಲೇ ಮೊದಲ ಸಲ ಆ ಮನುಷ್ಯನ ಮೇಲೆ ದನಿ ಎತ್ತಿದಳು. ಅವನು ಆಪರೇಷನ್ ಕೋಣೆಗೆ ಲೈನ್ ಕೊಟ್ಟ.

ಡಾಕ್ಟರು ಮುಖಗವಸು ಹಾಕಿಕೊಂಡಿದ್ದರು, ಕೈಗಳು ಮೇಲಕ್ಕೆ. ಹಿಂದೆ ದೊಡ್ಡ ದೀಪ ಉರಿಯುತ್ತಿತ್ತು, ಅದರ ಕೆಳಗೆ ಹಸಿರು ಬಟ್ಟೆ ಹೊದಿಸಿಕೊಂಡ ಕಾಲುಗಳು. ಬೇಗ ಹೇಳಿ ಎಂದರು. ನಂಬಿ ಹೇಳಿದ ಮಾತು ಅದು, ಹೇಳಬೇಡ ಎಂದು ಕೈಮುಗಿದಂತೆ ಹೇಳಿದ ಮಾತು. ಮಾಲಾ ಕಣ್ಣು ಮುಚ್ಚಿ, ರುದ್ರವ್ವ ತೊಡಗಿದಲ್ಲಿಂದಲೇ ತೊಡಗಿದಳು. ಒಂದಕ್ಷರ ಬಿಡದೆ ಮರಾಠಿಯಲ್ಲಿ ಹೇಳಿದಳು: ನಿನಗಷ್ಟೇ ಹೇಳುತ್ತೇನೆ ತಂಗಿ, ಡಾಕ್ಟರಿಗೆ ಹೇಳಬೇಡ. ನನ್ನ ಎದೆಗೆ ಸ್ಟೆಂಟ್ ಹಾಕಿದ್ದಾರೆ. ರಕ್ತ ತೆಳುವಾಗುವ ಗುಳಿಗೆ ದಿನಾ ತೆಗೆದುಕೊಳ್ಳುತ್ತೇನೆ, ಇವತ್ತು ಬೆಳಿಗ್ಗೆಯೂ ತೆಗೆದುಕೊಂಡಿದ್ದೇನೆ.

ಡಾಕ್ಟರ ಕೈಗಳು ಕೆಳಗಿಳಿದದ್ದು ಕಂಡಿತು. ಅವರು ತಿರುಗಿ ಏನೋ ಕೂಗಿದರು. ಅಷ್ಟರಲ್ಲಿ ಸಿಡಿಲು ಹೊಡೆದು ಸಾವಂತ್ರವ್ವ ಬೆಚ್ಚಿದಳು, ಬೆರಳು ಸರಿಯಿತು, ಪರದೆ ಕಪ್ಪಾಯಿತು. ಮುದುಕಿ ಅಳುಮುಖದಲ್ಲಿ ಮತ್ತೆ ಒತ್ತಿದಳು. ದೀಪ ಬಂದವು. ಲೈನ್ ಬಂತು. ಅತ್ತ ಕಡೆ ಯಾರೂ ಇರಲಿಲ್ಲ.

ಕಾಯುವುದೆಂದರೆ ಅದು. ಹೊರಗೆ ಆಣೆಕಲ್ಲು ತಗಡು ಬಡಿಯುತ್ತಿತ್ತು, ಒಳಗೆ ಕತ್ತಲು. ತನ್ನ ಮಾತು ಮುಟ್ಟಿತೋ, ಮುಟ್ಟುವ ಮೊದಲೇ ಚಾಕು ಇಳಿದಿತ್ತೋ, ಮಾಲಾಳಿಗೆ ತಿಳಿಯುವ ಬಗೆ ಇರಲಿಲ್ಲ. ಅವಳು ಕುರ್ಚಿಯಿಂದಿಳಿದು ಅತ್ತೆಯ ಪಕ್ಕ ನೆಲದ ಮೇಲೆ ಕೂತಳು. ಸೆರಗಿನ ತುದಿಯಿಂದ ಅತ್ತೆಯ ಹಣೆ ಒರೆಸಿದಳು. ನಾನು ಹಿಡಿಯುತ್ತೇನೆ, ಕೈ ಬಿಡಿ ಎಂದರೆ ಸಾವಂತ್ರವ್ವ ಒಪ್ಪಲಿಲ್ಲ. ಬೆರಳು ಬೆಳ್ಳಗಾಗಿದ್ದವು. ಮಳೆ ನಿಂತು, ಶೆಡ್ಡಿನ ಕಡೆಯಿಂದ ಮಂದಿಯ ದನಿ ಕೇಳತೊಡಗಿದ ಮೇಲೆ ಲ್ಯಾಪ್‌ಟಾಪ್ ಕೂಗಿತು.

ಅದೇ ನರ್ಸ್, ಅದೇ ವಾರ್ಡು. ಮಂಚದ ಮೇಲೆ ರುದ್ರವ್ವ ಎದ್ದು ಕೂತಿದ್ದಳು, ಕೈಗೆ ಸಲೈನು ಚುಚ್ಚಿತ್ತು, ಕಣ್ಣಲ್ಲಿ ಕೆಂಡ. ಆಗಿನಿಂದ ಏನೋ ಹೇಳುತ್ತಲೇ ಇದ್ದಾರೆ, ನಮಗೆ ತಿಳಿಯುತ್ತಿಲ್ಲ, ಕೇಳಿ ಹೇಳಿ ಎಂದಳು ನರ್ಸ್. ಪರದೆಯಲ್ಲಿ ಮಾಲಾಳ ಮುಖ ಕಂಡದ್ದೇ ರುದ್ರವ್ವ ಶುರು ಮಾಡಿದಳು.

"ಹೇಳಬ್ಯಾಡ ಅಂದ್ರೂ ಹೇಳಿಬಿಟ್ಟೆಲ್ಲಾ ಚಾಡಿಕೋರಿ. ನಿನ್ನ ನಂಬಿದ್ನೆಲ್ಲ, ನನಗ ಬಡಕೋಬೇಕು. ಆಪರೇಷನ್ ಇಲ್ಲಂತ, ಮುಂದಿನ ವಾರ ಅಂತ. ಹೋಗ್ಲಿ, ಈ ನರ್ಸಿಗೆ ಹೇಳು. ನಿನ್ನೆ ರಾತ್ರಿಯಿಂದ ಉಪವಾಸ ಕೆಡವ್ಯಾರ. ನನಗ ಹಸಿವಾಗೇತಿ. ರೊಟ್ಟಿ ಕೊಡಾಕ ಹೇಳು."

ನರ್ಸ್ ಕಾಯುತ್ತಿದ್ದಳು. ಮಾಲಾ ಮರಾಠಿಯಲ್ಲಿ, ಬಿಡದೆ, ಮೊದಲಿನಿಂದ ಹೇಳತೊಡಗಿದಳು. ಹೇಳಬೇಡ ಎಂದರೂ ಹೇಳಿಬಿಟ್ಟೆಯಲ್ಲ ಚಾಡಿಕೋರಿ ಎಂದು ತನ್ನನ್ನು ತಾನೇ ಬೈದುಕೊಂಡಳು, ನಿನ್ನನ್ನು ನಂಬಿದೆನಲ್ಲ ಎಂದಳು. ನರ್ಸಿನ ತುಟಿಯ ಮೇಲೆ ನಗು ಬಂತು. ಅಲ್ಲಿಯವರೆಗೆ ಗಟ್ಟಿಯಾಗಿಯೇ ಇದ್ದ ದನಿ ಕೊನೆಯ ಮಾತಿಗೆ ಬಂದಾಗ ಒಡೆಯಿತು. "ನನಗೆ ಹಸಿವಾಗಿದೆ," ಎಂದಳು ಮಾಲಾ, ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿರಲು, "ನನಗೆ ರೊಟ್ಟಿ ಕೊಡಿ."